ಉಮಾವತಿಯ ಮೊಳೆಗೆ ತೂಗುತ್ತಿದ್ದ ಕಾರ್ಡು

ಉಮಾವತಿ ತೂಗದೆ ಯಾವುದನ್ನೂ ಒಳಗೆ ಬಿಟ್ಟುಕೊಂಡವಳಲ್ಲ. ದಿಲ್ಲಿಯ ಪೀತಮ್‌ಪುರದ ಮಾರ್ಕೆಟ್ಟಿನಲ್ಲಿರುವ ಅವಳ ಗಂಡ ಜಯಾನಂದನ ಹೋಟೆಲಿಗೆ ಬೆಳಿಗ್ಗೆ ಬರುವ ಆಲೂಗೆಡ್ಡೆ ಮೂಟೆಯಾಗಲಿ, ಉದ್ದಿನಬೇಳೆಯ ಚೀಲವಾಗಲಿ, ಹಿಂಬಾಗಿಲ ಪಕ್ಕದ ತೂಕದ ಕಾಂಟಾದ ಮೇಲೆ ಒಮ್ಮೆ ಕೂತು ಏಳಲೇಬೇಕು. ಒಂದು ಕೈಯಲ್ಲಿ ಚೀಟಿ, ಕಣ್ಣು ಮುಳ್ಳಿನ ಮೇಲೆ. ತರಕಾರಿಯವನು ದಿನಾ ಒಂದೇ ಮಾತು ಹೇಳಿ ಹಲುಬುತ್ತಿದ್ದ, ಹದಿನೈದು ವರ್ಷವಾಯಿತು ಭಾಭೀಜಿ, ಇನ್ನಾದರೂ ನನ್ನ ಮೇಲೆ ಭರೋಸಾ ಇಡಿ ಎಂದು. ಅವಳು ತನ್ನ ಹೋಟೆಲ್ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು: "ಭರೋಸಾ ಉಂಟು ಭಯ್ಯಾ, ಅದಕ್ಕೇ ಚಹಾ ಕೊಡುವುದು. ಆಲೂ ಮಾತ್ರ ತೂಗುವುದೇ."

ಅಂಥವಳು ಒಂದೇ ಒಂದು ವಸ್ತುವನ್ನು ಎಂಟು ವರ್ಷ ತೂಗದೆ, ಓದದೆ ಬಿಟ್ಟಿದ್ದಳು. ಅದು ಅಡಿಗೆಮನೆಯ ಬಾಗಿಲ ಪಕ್ಕದ ಮೊಳೆಗೆ, ಗ್ಯಾಸ್ ಸಿಲಿಂಡರಿನ ಸ್ಪ್ಯಾನರಿನ ಜೊತೆ ತೂಗುತ್ತಿದ್ದ ಒಂದು ಹಳದಿ ಕಾರ್ಡು. ಮಾರ್ಕೆಟ್ಟಿನ ಹಿಂದಿನ ನರ್ಸಿಂಗ್ ಹೋಮಿನದು. ಮೇಲೆ ಜಯಾನಂದನ ಹೆಸರು.

ಆ ಕಾರ್ಡಿನ ಲೆಕ್ಕ ಎರಡು ಸಾವಿರದ ಆರರ ನವೆಂಬರಿನಲ್ಲಿ ತೆರೆದುಕೊಂಡಿತು.

ಅಕ್ಕಿ ಮೂಟೆ ಎತ್ತಿ ಎತ್ತಿ ಜಯಾನಂದನಿಗೆ ಹರ್ನಿಯಾ ಆಗಿತ್ತು. ಗುರುವಾರ ಬೆಳಿಗ್ಗೆ ಅವನೊಬ್ಬನೇ ಹೋಗಿ ಸರ್ಜನ್ನರನ್ನು ಕಂಡು, ಒಳ್ಳೆಯ ವ್ಯಾಪಾರ ಕುದುರಿಸಿ ಬಂದವನ ಮುಖ ಮಾಡಿಕೊಂಡು ವಾಪಸು ಬಂದ. ಬಗಲಲ್ಲಿ ಒಂದು ಕಟ್ಟು ಕಾಗದ. ಅರಿವಳಿಕೆ ಕೊಡುವ ಡಾಕ್ಟರಿಗೆ ತೋರಿಸಲು ಹಳೆಯ ಫೈಲನ್ನೆಲ್ಲ ಜೆರಾಕ್ಸ್ ಮಾಡಿಸಿ ತರಲು ಹೇಳಿದ್ದರು. ಕಾಗದದ ಜೊತೆಗೆ ಔಷಧದ ಪೊಟ್ಟಣ.

"ಆಯ್ತು, ಮುಂದಿನ ಬುಧವಾರ ಕೊಯ್ತಾರಂತೆ," ಎಂದು ಎಲ್ಲವನ್ನೂ ಕೌಂಟರಿನ ಮೇಲೆ ಹಾಕಿ ಗಲ್ಲಾದ ಮುಂದೆ ಕೂತ.

ಉಮಾವತಿಗೆ ಪೊಟ್ಟಣವೂ ಒಂದು ಸರಕೇ. ಚೀಟಿ ಒಂದು ಕೈಯಲ್ಲಿ, ಮಾತ್ರೆ ಇನ್ನೊಂದು ಕೈಯಲ್ಲಿ ಹಿಡಿದು ಒಂದೊಂದೇ ತಾಳೆ ನೋಡತೊಡಗಿದಳು. ನೋವಿನ ಮಾತ್ರೆ, ಸರಿ. ಎರಡನೆಯದರ ಹೆಸರು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾಫಿ ಮಾಡುವ ಮುರಳೀಧರ ದಿನಾ ತಿಂಡಿಗೆ ಮೊದಲು ಅದನ್ನು ನುಂಗುತ್ತಿದ್ದ.

"ನಿಮಗೆ ಸಕ್ಕರೆ ಕಾಯಿಲೆ ಯಾವಾಗಿಂದ ಮಾರಾಯ್ರೆ?"

"ನನಗಾ? ಯಾರು ಹೇಳಿದ್ದು?"

"ಈ ಚೀಟಿ ಹೇಳ್ತಾ ಉಂಟು. ಬೆಳಿಗ್ಗೆ ಒಂದು, ರಾತ್ರಿ ಒಂದು, ನಿಲ್ಲಿಸದೆ ಮುಂದುವರಿಸಿ ಅಂತ."

ಜಯಾನಂದ ಸ್ವಲ್ಪ ಹೊತ್ತು ಚಿಲ್ಲರೆ ಜೋಡಿಸಿದ. "ಡಾಕ್ಟರು ಫೈಲು ನೋಡಿ 'ಶುಗರ್ ಹೈ ನಾ?' ಅಂದರು. ನಾನು ಹಾಂಜಿ ಅಂದೆ."

"ಇಲ್ಲದ್ದಕ್ಕೆ ಹಾಂಜಿ ಯಾಕೆ ಅಂದದ್ದು?"

"ಬರೆದಿಟ್ಟದ್ದು ನೋಡಿ ಹೇಳ್ತಾ ಇದ್ದಾರಲ್ಲ ಮಾರಾಯ್ತಿ. ನಮಗಿಂತ ಅವರಿಗೇ ಗೊತ್ತಿರ್ತದೆ ಅಂದ್ಕೊಂಡೆ."

ಸಾಂಬಾರಿಗೆ ಎರಡನೇ ಸಲ ಕೈಚಾಚುವ ಗಿರಾಕಿಯ ಜೊತೆ ಅರ್ಧ ಗಂಟೆ ವಾದ ಮಾಡುವ ಗಂಡಸು, ಬಿಳಿ ಕೋಟಿನ ಮುಂದೆ ತನ್ನದಲ್ಲದ ಕಾಯಿಲೆಯನ್ನೂ ಸಹಿ ಹಾಕಿ ಒಪ್ಪಿಕೊಂಡು ಬಂದಿದ್ದ. ಉಮಾವತಿ ಮಾತ್ರೆಯ ಪೊಟ್ಟಣವನ್ನು ಮೇಲಿನ ಗೂಡಿಗೆ ಏರಿಸಿ, ಯಾರೂ ಮುಟ್ಟಬಾರದು ಎಂದಳು.

ಮಧ್ಯಾಹ್ನ ಮೂರರ ಹೊತ್ತಿಗೆ ಹೋಟೆಲು ಬಿಡುವಾಯಿತು. ಮಗಳು ಜ್ಯೋತ್ಸ್ನಾ ಕಾಲೇಜಿನಿಂದ ಬಂದಿದ್ದಳು. ದಿಲ್ಲಿಯಲ್ಲೇ ಹುಟ್ಟಿ ಬೆಳೆದ ಹುಡುಗಿ, ಡಾಕ್ಟರುಗಳ ಇಂಗ್ಲಿಷ್ ಗೀಚುಗಳನ್ನೂ ಅಪ್ಪನ ಕನ್ನಡ ಅಕ್ಷರಗಳನ್ನೂ ಒಂದೇ ಸಂಕಟದಿಂದ ಓದುವವಳು. ತಾಯಿ ಅವಳ ಮುಂದೆ ಒಂದು ಪ್ಲೇಟು ಬೋಂಡಾ ಇಟ್ಟು, ಪಕ್ಕದಲ್ಲಿ ಫೈಲು ಇಟ್ಟಳು.

"ಮೊದಲಿನಿಂದ ಓದು. ಒಂದಕ್ಷರ ಬಿಡಬೇಡ."

ಎರಡು ಪುಟ ದಾಟುವಷ್ಟರಲ್ಲಿ ಜ್ಯೋತ್ಸ್ನಾಗೆ ನಗು ತಡೆಯಲಾಗಲಿಲ್ಲ. "ಅಪ್ಪಾ, ಯೇ ಕ್ಯಾ ಹೈ? ಫೆಬ್ರವರಿಯಲ್ಲಿ ನೀವು ಎಂಬತ್ತೆರಡು ಕೆಜಿ. ಮಾರ್ಚಲ್ಲಿ ಅರವತ್ತು. 'ಶಾಬಾಸ್, ಹೀಗೇ ಮುಂದುವರಿಸಿ' ಅಂತ ಬರೆದಿದ್ದಾರೆ. ಏಪ್ರಿಲ್‌ನಲ್ಲಿ ಫಿರ್ ಸೇ ಎಂಬತ್ತಮೂರು!"

"ಹೋಳಿಗೆ ತಿಂದಿರಬೇಕು," ಎಂದ ಜಯಾನಂದ.

"ಇಲ್ಲಿ ನೋಡಿ, ಕೈಗೆ ಸುಟ್ಟ ಗಾಯ. 'ಪೇಷೆಂಟ್ ವಯಸ್ಸಿಗಿಂತ ಬಹಳ ಚಿಕ್ಕವರಾಗಿ ಕಾಣುತ್ತಾರೆ.'"

ಆ ಮಾತಿಗೆ ಪಾತ್ರೆ ತೊಳೆಯುತ್ತಿದ್ದ ಬಸಪ್ಪ ಒಳಗಿನಿಂದ ಇಣುಕಿದ. ಸಾಂಬಾರು ಚೆಲ್ಲಿ ಕೈ ಸುಟ್ಟುಕೊಂಡಾಗ ಅವನಿಗೆ ಇಪ್ಪತ್ತೆರಡು. ಉಮಾವತಿಗೆ ನಗು ಬರಲಿಲ್ಲ. ಅವಳು ಮೊಳೆಯ ಕಡೆ ನೋಡುತ್ತಿದ್ದಳು.

ಏಕೆಂದರೆ ಆ ಕಾರ್ಡಿನ ಉಪಾಯ ಅವಳದೇ. ನರ್ಸಿಂಗ್ ಹೋಮಿನಲ್ಲಿ ಹೊಸಬರಿಗೆ ಒಂದು ಬೆಂಚು, ಕಾರ್ಡು ಇದ್ದವರಿಗೆ ಇನ್ನೊಂದು. ಹೊಸಬರು ಫಾರಮ್ಮು ತುಂಬಿಸಿ ಕೂತರೆ ಹನ್ನೊಂದಾದರೂ ಕರೆ ಬಾರದು. ಕಾರ್ಡಿನವರು ಒಂಬತ್ತಕ್ಕೆ ಹೋಗಿ ಒಂಬತ್ತೂವರೆಗೆ ವಾಪಸು. ಬೆಳಗಿನ ತಿಂಡಿಯ ಹೊತ್ತಿನಲ್ಲಿ ಒಬ್ಬ ಆಳು ಹನ್ನೊಂದರವರೆಗೆ ಬೆಂಚಿನ ಮೇಲೆ ಕೂತರೆ ಹೋಟೆಲಿನ ಒಂದು ಕೈ ಮುರಿದ ಹಾಗೆ. ಒಂದು ದಿನ ಬಸಪ್ಪ ಕೈಗೆ ಒದ್ದೆ ಬಟ್ಟೆ ಸುತ್ತಿಕೊಂಡು ಒದ್ದಾಡುತ್ತ ನಿಂತಾಗ, ಅವಳು ಮೊಳೆಯಿಂದ ಗಂಡನ ಕಾರ್ಡು ತೆಗೆದು ಕೊಟ್ಟಿದ್ದಳು. "ಇದನ್ನು ಹಿಡ್ಕೊಂಡು ಓಡು. ಜಯಾನಂದ ಅಂತ ಕರೆದ್ರೆ ಎದ್ದು ನಿಲ್ಲು. ಅಷ್ಟೇ."

ಕೆಲಸ ಸಲೀಸಾಗಿ ಆಯಿತು. ಆ ಮೇಲೆ ಅದೇ ಪದ್ಧತಿಯಾಯಿತು. ಮುರಳೀಧರನಿಗೆ ತಲೆ ಸುತ್ತಿದರೆ ಕಾರ್ಡು, ಬಸಪ್ಪನಿಗೆ ಜ್ವರ ಬಂದರೆ ಕಾರ್ಡು. ಅಲ್ಲಿನ ಕಿರಿಯ ಡಾಕ್ಟರುಗಳು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು. ಕಿಟಕಿಯ ಹಿಂದಿನ ಹುಡುಗಿ ಕಾರ್ಡು ನೋಡುತ್ತಿದ್ದಳೇ ಹೊರತು ಮುಖ ನೋಡುತ್ತಿರಲಿಲ್ಲ. ಹೀಗೆ ಎಂಟು ವರ್ಷದಲ್ಲಿ ಜಯಾನಂದ ಎಂಬ ಒಬ್ಬ ಮನುಷ್ಯ ಸುಟ್ಟು, ತಲೆ ಸುತ್ತಿ ಬಿದ್ದು, ಸಕ್ಕರೆ ಕಾಯಿಲೆ ಹತ್ತಿಸಿಕೊಂಡು, ಇಳಿದು, ಊದಿ, ಎಲ್ಲವನ್ನೂ ಗೆದ್ದು ಬಂದಿದ್ದ.

ಉಮಾವತಿ ಎದ್ದಳು. "ಎಲ್ಲರೂ ಕಾಂಟಾ ಹತ್ತಿ."

"ಎಂತದು?"

"ನರ್ಸು ಪ್ರತಿ ಸಲ ತೂಕ ಬರೆದಿದ್ದಾಳೆ. ತೂಕ ಸಿಕ್ಕಿದರೆ ಯಾರ ಪುಟ ಯಾರದ್ದು ಅಂತ ಗೊತ್ತಾಗ್ತದೆ. ಹತ್ತಿ."

"ನಾನೇನು ಆಲೂಗೆಡ್ಡೆ ಮೂಟೆಯೇ?" ಎಂದ ಜಯಾನಂದ.

"ಮೂಟೆಯಾಗಿದ್ದರೆ ಡಾಕ್ಟರ ಮುಂದೆ ಹಾಂಜಿ ಅಂತಿರಲಿಲ್ಲ."

ಹತ್ತಿದ. ಎಂಬತ್ತನಾಲ್ಕು. ಮುರಳೀಧರ ಎಪ್ಪತ್ತೊಂದು. ಬಸಪ್ಪ ಅರವತ್ತೊಂದು. ಜ್ಯೋತ್ಸ್ನಾ ಪುಟಗಳನ್ನು ಮೂರು ರಾಶಿ ಮಾಡತೊಡಗಿದಳು. ಬೋಂಡಾದ ಎಣ್ಣೆ ಬೆರಳು ಕಾಗದಕ್ಕೆ ಹತ್ತದ ಹಾಗೆ ತಾಯಿ ಬಟ್ಟೆ ಹಿಡಿದು ನಿಂತಿದ್ದಳು. ಎಲ್ಲ ಹಂಚಿಯಾದ ಮೇಲೆ ಕೈಯಲ್ಲಿ ಒಂದೇ ಪುಟ ಉಳಿಯಿತು. ಜ್ಯೋತ್ಸ್ನಾಳ ನಗು ಅಲ್ಲಿಗೆ ನಿಂತಿತು.

"ಅಮ್ಮಾ, ಇದು ಸೀರಿಯಸ್ ಹೈ. ಎರಡು ಸಾವಿರದ ನಾಲ್ಕು, ಫೆಬ್ರವರಿ. ಗಂಟಲು ನೋವು. ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟ ಐದು ನಿಮಿಷಕ್ಕೆ ಮೈಯೆಲ್ಲ ದದ್ದು, ತುಟಿ ಊದಿತು, ಉಸಿರು ಕಷ್ಟ, ಬಿ.ಪಿ. ಪೂರಾ ಕೆಳಗೆ. ಎರಡು ಗಂಟೆ ಮಲಗಿಸಿದ್ದಾರೆ. ಕೆಳಗೆ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ, ಜನ್ಮದಲ್ಲಿ ಮತ್ತೆ ಕೊಡಬಾರದು, ಜೀವಕ್ಕೆ ಅಪಾಯ. 'ಪೇಷೆಂಟಿಗೆ ತಿಳಿಸಲಾಗಿದೆ.'"

"ತೂಕ?" ಎಂದಳು ಉಮಾವತಿ. ಅವಳಿಗೆ ಆಗಲೇ ಗೊತ್ತಾಗಿತ್ತು.

"ನಲವತ್ತೆಂಟು."

ಆ ಹೋಟೆಲಿನಲ್ಲಿ ನಲವತ್ತೆಂಟು ಕೆಜಿ ತೂಗುತ್ತಿದ್ದವನು ಒಬ್ಬನೇ. ದೋಸೆ ಹುಯ್ಯುವ ಗುಂಡಣ್ಣ. ಹೆಸರು ಇಟ್ಟವರಿಗೆ ಯಾವ ಆಸೆ ಇತ್ತೋ, ಆಳು ಮಾತ್ರ ಕಡ್ಡಿ. ಆ ದಿನ ಅವನು ಆಟೋದಲ್ಲಿ ಬಂದು ಇಳಿದದ್ದು ಅವಳ ಕಣ್ಣ ಮುಂದೆ ಬಂತು. ತುಟಿ ದಪ್ಪ, ಕಣ್ಣು ಮುಚ್ಚಿಕೊಂಡಿತ್ತು. ಕಂಡ ಕೂಡಲೇ ಅವಳು ಹೇಳಿದ್ದಳು: "ಇದೆಂತ ಗುಂಡಣ್ಣ, ಮುಖ ಗೋಳಿಬಜೆ ಆಗಿದೆಯಲ್ಲ! ಈಗ ಹೆಸರಿಗೆ ತಕ್ಕ ಹಾಗಾದೆ ನೋಡು." ಅಡಿಗೆಮನೆಯೆಲ್ಲ ನಕ್ಕಿತ್ತು. ಗುಂಡಣ್ಣನೂ ಊದಿದ ತುಟಿಯಲ್ಲೇ ನಗಲು ನೋಡಿದ್ದ. ಒಂದು ಲೋಟ ಮಜ್ಜಿಗೆ ಕೊಟ್ಟು ಮಲಗಿಸಿದ್ದರು. ಮೂರನೇ ದಿನ ಕಾವಲಿಯ ಮುಂದೆ ನಿಂತಿದ್ದ.

ಸಾವಿನ ಬಾಗಿಲು ತಟ್ಟಿ ಬಂದವನಿಗೆ ತಾನು ಮಜ್ಜಿಗೆ ಕೊಟ್ಟದ್ದು, ಅದೂ ತಮಾಷೆಯ ಜೊತೆ! ಅದಕ್ಕಿಂತ ಹೆಚ್ಚಿನದು ಇನ್ನೊಂದಿತ್ತು. ಆ ಕೆಂಪು ಶಾಯಿ ಕಾಪಾಡಬೇಕಾದದ್ದು ಗುಂಡಣ್ಣನನ್ನು. ಕಾಪಾಡುತ್ತ ಇದ್ದದ್ದು ಜಯಾನಂದನನ್ನು. ಗುಂಡಣ್ಣನ ಹೆಸರಿನಲ್ಲಿ ಈ ಭೂಮಿಯ ಮೇಲೆ ಒಂದು ಚೂರು ಕಾಗದವೂ ಇರಲಿಲ್ಲ. ಚಳಿ ಹಿಡಿಯುತ್ತಿದ್ದ ಹಾಗೆ ಪ್ರತಿ ವರ್ಷ ಅವನ ಗಂಟಲು ಕಟ್ಟುತ್ತಿತ್ತು. ಮಾತ್ರೆಯೆಂದರೆ ಅವನಿಗೆ ಔಷಧವೇ ಅಲ್ಲ, ಸೂಜಿಯೇ ಆಗಬೇಕು. ಬೆಳಿಗ್ಗೆ ಹೊರಗೆ ಆಗಲೇ ಮಂಜು ಬೀಳತೊಡಗಿತ್ತು.

"ಅವನಿಗೆ ಫೋನು ಮಾಡಿ," ಎಂದಳು ಗಂಡನಿಗೆ.

ಜಯಾನಂದ ಗೋಡೆ ನೋಡಿದ. ಗುಂಡಣ್ಣ ಈಗ ಅವರಲ್ಲಿ ಇರಲಿಲ್ಲ. ಹೋದ ವರ್ಷ ಜಗಳವಾಡಿ ಬಿಟ್ಟಿದ್ದ. ಜಗಳ ಪನೀರಿನದು. ಪಂಜಾಬಿ ಗಿರಾಕಿಗಳು ಕೇಳುತ್ತಾರೆ, ದೋಸೆಯೊಳಗೆ ಪನೀರ್ ತುರಿದು ಹಾಕು ಎಂದ ಜಯಾನಂದ. ನನ್ನ ಕಾವಲಿಯ ಮೇಲೆ ಆ ಪಾಪ ಮಾಡುವುದಿಲ್ಲ ಎಂದ ಗುಂಡಣ್ಣ. ಮಾತಿಗೆ ಮಾತು ಬೆಳೆದು, ಸಟ್ಟುಗ ಬಕೆಟ್ಟಿಗೆ ಬಿದ್ದು, ಆಳು ನೋಯ್ಡಾದ ಒಂದು ಐ.ಟಿ. ಕಂಪನಿಯ ಕ್ಯಾಂಟೀನು ಸೇರಿದ. ಹೋಟೆಲಿನ ನಂಬರು ಕಂಡರೆ ಫೋನೇ ಎತ್ತುತ್ತಿರಲಿಲ್ಲ.

"ನಾನು ಹೋಗಿ ಅವನ ಮುಂದೆ ನಿಲ್ಲಬೇಕಾ?"

"ನೀವು ಎಲ್ಲಿಯೂ ನಿಲ್ಲುವುದು ಬೇಡ. ಬುಧವಾರ ಸರಿಯಾಗಿ ಮಲಗಿದರೆ ಸಾಕು. ಉಳಿದದ್ದು ನನ್ನ ತಪ್ಪು, ನಾನೇ ಹೋಗ್ತೇನೆ. ಮೊದಲು ಡಾಕ್ಟರ ಹತ್ತಿರ."

ಜಯಾನಂದನಿಗೆ ಅದು ಇನ್ನೂ ಕಷ್ಟವಾಯಿತು. ಸರ್ಜನ್ನರ ಸಂಸಾರ ಭಾನುವಾರ ತಪ್ಪದೆ ಅವರಲ್ಲಿ ಇಡ್ಲಿ ತಿನ್ನುವಂಥದು. "ಏನೂ ಹೇಳಬೇಡ. ಸಕ್ಕರೆ ಮಾತ್ರೆ ನುಂಗದಿದ್ದರಾಯ್ತು. ಎಂಟು ವರ್ಷ ಸುಳ್ಳು ಹೇಳಿದರು ಅಂತ ಗೊತ್ತಾದರೆ ನಾಳೆ ನಮ್ಮ ಸಾಂಬಾರಿನ ಮೇಲೂ ಅನುಮಾನ ಪಡ್ತಾರೆ."

"ಪಡಲಿ. ತಿಂದು ನೋಡಿದರೆ ಅನುಮಾನ ಹೋಗ್ತದೆ," ಎಂದಳು ಉಮಾವತಿ. "ಕತ್ತಿ ಹಿಡಿದವರಿಗೆ ಸುಳ್ಳು ಹೇಳಿ ಮಲಗುವ ಧೈರ್ಯ ನಿಮಗಿದ್ದರೂ ನನಗಿಲ್ಲ."

ಶುಕ್ರವಾರ ಬೆಳಿಗ್ಗೆ ಅವಳು ಗಂಡನನ್ನೂ ಮುರಳೀಧರನನ್ನೂ ಬಸಪ್ಪನನ್ನೂ ಕರೆದುಕೊಂಡು ನರ್ಸಿಂಗ್ ಹೋಮಿಗೆ ಹೋದಳು. ಈ ಸಲ ಕೂತದ್ದು ಹೊಸಬರ ಬೆಂಚಿನ ಮೇಲೆ. ಹನ್ನೊಂದು ಕಾಲಿಗೆ ಕರೆ ಬಂತು. ಹೋಟೆಲಿನಲ್ಲಿ ತಿಂಡಿ ನಿಂತುಹೋಗಿತ್ತು. ಜ್ಯೋತ್ಸ್ನಾ ಬಾಗಿಲಿಗೆ ಹಿಂದಿಯಲ್ಲಿ ಒಂದು ಚೀಟಿ ಅಂಟಿಸಿದ್ದಳು.

ಸರ್ಜನ್ ಸಾಹೇಬರು ಎಲ್ಲ ಕೇಳಿದರು. ಮೂರು ರಾಶಿ ನೋಡಿದರು, ಒಬ್ಬಂಟಿ ಪುಟ ನೋಡಿದರು, ಸಾಲಾಗಿ ನಿಂತ ಮೂವರು ಜಯಾನಂದರನ್ನೂ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಭಾಭೀಜಿ, ನಾನು ಒಬ್ಬ ಮನುಷ್ಯನಿಗೆ ಆಪರೇಷನ್ ಮಾಡಬೇಕೋ, ಇಡೀ ಹೋಟೆಲಿಗೋ?"

ಉಮಾವತಿ ತಲೆ ತಗ್ಗಿಸಿದಳು.

"ಆ ಶುಗರ್ ಮಾತ್ರೆ ಇವರು ತಗೊಂಡರಾ?"

"ಇಲ್ಲ ಡಾಕ್ಟರ್ ಸಾಬ್. ಚೀಟಿ ನೋಡದೆ ನಾನು ಏನನ್ನೂ ಒಳಗೆ ಬಿಡುವುದಿಲ್ಲ."

"ಎಂಟು ವರ್ಷ ಬಿಟ್ಟಿರಲ್ಲ," ಎಂದರು ಡಾಕ್ಟರು. ಇಡೀ ಪೀತಮ್‌ಪುರದಲ್ಲಿ ಅವಳನ್ನು ಮಾತಿನಲ್ಲಿ ಹಿಡಿದವರು ಅವರೊಬ್ಬರೇ ಇರಬೇಕು.

ಬೈದರು, ಚೆನ್ನಾಗಿಯೇ ಬೈದರು. ಬೈಯುತ್ತಲೇ ಒಂದು ಗಂಟೆ ಕೂತು ಕೆಲಸ ಮಾಡಿದರು. ಒಬ್ಬೊಬ್ಬರನ್ನೇ ಕರೆದು, ಕೇಳಿ, ಸುಟ್ಟ ಕಲೆ ನೋಡಿ, ಯಾವ ಪುಟವನ್ನೂ ಹರಿಯದೆ, ತಪ್ಪು ಹೆಸರಿನ ಮೇಲೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದ ಹೆಸರು ಬರೆದು, ತಾರೀಖು ಹಾಕಿ ಸಹಿ ಮಾಡಿದರು. ಹೊಸ ಫೈಲುಗಳು ಬಂದವು, ಹೊಸ ಕಾರ್ಡುಗಳು ಬಂದವು. ಜಯಾನಂದನ ರಕ್ತ ತೆಗೆದು ಸಕ್ಕರೆ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಅವನ ಹಳೆಯ ಫೈಲು ಆರು ಪುಟಕ್ಕೆ ಇಳಿಯಿತು. ತನಗೆ ಇಷ್ಟೇನಾ ಆದದ್ದು ಎಂದು ಅವನಿಗೆ ಒಂದು ಥರ ನಿರಾಸೆಯೇ ಆಯಿತು.

ಕೊನೆಗೆ ಕೆಂಪು ಶಾಯಿಯ ಪುಟ. ಅದರಲ್ಲೂ ಹೆಸರು ತಿದ್ದಿ, ಅದರ ಜೆರಾಕ್ಸನ್ನೂ ಬೇರೆ ಕಾಗದದಲ್ಲಿ ದೊಡ್ಡಕ್ಷರದಲ್ಲಿ ಬರೆದ ಎಚ್ಚರಿಕೆಯನ್ನೂ ಅವಳ ಕೈಗೆ ಕೊಟ್ಟರು. "ಫೋನಿನಲ್ಲಿ ಹೇಳಿದರೆ ಸಾಲದು. ಇದು ಅವನ ಜೇಬಿನಲ್ಲಿರಬೇಕು. ಎರಡನೇ ಸಲಕ್ಕೆ ಎರಡು ಗಂಟೆ ಮಲಗಿಸುವಷ್ಟು ಸಮಯ ಸಿಗುತ್ತದೆ ಅಂತ ಹೇಳಲಾಗುವುದಿಲ್ಲ."

ಶನಿವಾರ ಅವಳು ಒಬ್ಬಳೇ ಹೊರಟಳು. ಪೀತಮ್‌ಪುರದಲ್ಲಿ ಮೆಟ್ರೋ ಹತ್ತಿ, ಕಶ್ಮೀರಿ ಗೇಟಿನಲ್ಲಿ ಬದಲಾಯಿಸಿ, ರಾಜೀವ್ ಚೌಕದಲ್ಲಿ ನೆಲದೊಳಗಿನಿಂದ ಮೇಲೆ ಬಂದು ನೋಯ್ಡಾ ಬಸ್ಸು ಹಿಡಿದಳು. ಬಸ್ಸಿನಲ್ಲಿ ಎರಡು ಗಂಟೆ ನಿಂತಳು. ಮುರಳೀಧರ ಹೇಳಿದ ಗುರುತು ಹಿಡಿದು ಗಾಜಿನ ಕಟ್ಟಡ ಹುಡುಕಿದರೆ ಅಲ್ಲಿ ಎಲ್ಲವೂ ಗಾಜಿನ ಕಟ್ಟಡವೇ. ಮೂರನೆಯದರ ಹಿಂಬದಿಯಿಂದ ಹುಳಿ ಹಿಟ್ಟಿನ ವಾಸನೆ ಬಂತು. ಅಲ್ಲಿಗೆ ಹೋದಳು.

ಗುಂಡಣ್ಣ ಕುತ್ತಿಗೆಗೆ ಮಫ್ಲರು ಸುತ್ತಿಕೊಂಡು ಕಾವಲಿ ತಿಕ್ಕುತ್ತಿದ್ದ. ಅವಳನ್ನು ನೋಡಿ ಕೈ ನಿಂತಿತು.

"ಉಮಕ್ಕ! ಇಷ್ಟು ದೂರ?" ಸ್ವರ ಒಡೆದ ಕೊಳವೆಯ ಹಾಗಿತ್ತು. "ಧಣಿಗಳು ಕಳಿಸಿದ್ದಾ? ಪನೀರಿನ ವಿಷಯವಾದರೆ ನಾನು ಬರುವುದಿಲ್ಲ."

"ಪನೀರು ಹಾಳಾಗಿ ಹೋಗಲಿ. ಗಂಟಲಿಗೆ ಎಂತ?"

"ಚಳಿಗೆ ಯಾವಾಗಲೂ ಇದ್ದದ್ದೇ. ಸೋಮವಾರ ಕಂಪನಿಯ ಡಾಕ್ಟರು ಬರ್ತಾರೆ. ಒಂದು ಸೂಜಿ ಹಾಕಿಸಿಕೊಂಡರೆ ಸರಿಹೋಗ್ತದೆ."

ಉಮಾವತಿ ಅಲ್ಲೇ ಇದ್ದ ಎಣ್ಣೆ ಡಬ್ಬದ ಮೇಲೆ ಕೂತುಬಿಟ್ಟಳು. ಚೀಲದಿಂದ ಪ್ಲಾಸ್ಟಿಕ್ ಕವರು ತೆಗೆದಳು. "ಆ ಸಲ ಮುಖ ಊದಿದಾಗ ಡಾಕ್ಟರು ನಿನಗೆ ಎಂತ ಹೇಳಿದ್ದರು?"

"ಏನೋ ಹೇಳಿದರು. ನನಗೆ ಕಣ್ಣು ಕತ್ತಲೆ ಬರ್ತಾ ಇತ್ತು. ಆ ಡಾಕ್ಟರ ಕೈಗುಣ ನನಗೆ ಆಗುವುದಿಲ್ಲ ಅಂತ ತಿಳ್ಕೊಂಡೆ. ಮತ್ತೆ ಅಲ್ಲಿಗೆ ಹೋಗಲಿಲ್ಲ. ಎರಡು ಚಳಿ ಕಷಾಯದಲ್ಲೇ ಕಳೆದೆ."

"ಕೈಗುಣ ಅಲ್ಲ ಗುಂಡಣ್ಣ. ಔಷಧ." ಅವಳು ಪುಟವನ್ನು ಅವನ ಕೈಗಿಟ್ಟು, ಬೆರಳಿಟ್ಟು ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದಳು. ತುಟಿ ಊದಿದ್ದು, ಉಸಿರು ನಿಂತಂತಾದದ್ದು, ಕೆಂಪು ಶಾಯಿ. "ಈ ಸೂಜಿ ಯಾರು ಕೊಟ್ಟರೂ ಅಷ್ಟೇ. ಸೋಮವಾರ ಹಾಕಿಸಿಕೊಂಡಿದ್ದರೆ…"

ಗುಂಡಣ್ಣ ಕಾಗದವನ್ನು ಬೆಳಕಿಗೆ ಹಿಡಿದ. ಗೆರೆ ಎಳೆದ ಹೆಸರಿನ ಮೇಲೆ ಅವನ ಬೆರಳು ನಿಂತಿತು.

"ಇದರಲ್ಲಿ ಮೊದಲು ಧಣಿಗಳ ಹೆಸರು ಇತ್ತು."

"ಇತ್ತು. ಕಾರ್ಡು ಕೊಟ್ಟು ಕಳಿಸಿದವಳು ನಾನು. ವಾಪಸು ಬಂದವನ ಮುಖ ನೋಡಿ ನಕ್ಕವಳೂ ನಾನು."

"ನಕ್ಕದ್ದಕ್ಕೆ ಬೇಜಾರಿಲ್ಲ ಉಮಕ್ಕ," ಎಂದ ಅವನು. "ಆದರೆ ಗೋಳಿಬಜೆ ಅಂದಿರಿ. ನಮ್ಮಲ್ಲಿ ಗೋಳಿಬಜೆ ಮಾಡ್ತಾ ಇದ್ದದ್ದು ಮುರಳೀಧರ. ಅವನದ್ದು ಯಾವಾಗಲೂ ಗಟ್ಟಿ. ಅದಕ್ಕೆ ಹೋಲಿಸಿದ್ದು ಸ್ವಲ್ಪ ಬೇಜಾರು."

ಅವಳಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಗುಂಡಣ್ಣ ಅದನ್ನು ನೋಡದವನಂತೆ ಒಲೆ ಹೊತ್ತಿಸಿದ. ಕಾವಲಿ ಕಾಯಿತು, ಹಿಟ್ಟು ಬಿತ್ತು.

"ಪನೀರ್ ಹಾಕಲಾ?"

"ಹಾಕಿದರೆ ಎದ್ದು ಹೋಗ್ತೇನೆ."

ಅವಳು ಎರಡು ದೋಸೆ ತಿಂದಳು. ಹೋಗುವಾಗ, ದೊಡ್ಡಕ್ಷರದ ಕಾಗದವನ್ನು ಅಂಗಿಯ ಒಳಜೇಬಿಗೇ ಇಡಿಸಿದಳು. ಪೆಟ್ಟಿಗೆಯಲ್ಲಿಡುತ್ತೇನೆ ಎಂದರೆ ಒಪ್ಪಲಿಲ್ಲ. ಸೋಮವಾರ ಡಾಕ್ಟರ ಮುಂದೆ ಬಾಯಿ ತೆರೆಯುವ ಮೊದಲು ಅದನ್ನು ತೆರೆಯಬೇಕು, ಆಮೇಲೆ ಫೋನು ಮಾಡಬೇಕು ಎಂದಳು. "ಅವರು ಏನು ಕೇಳಿದರೂ ಹಾಂಜಿ ಅನ್ನಬೇಡ," ಎಂದು ಬಸ್ಸು ಹತ್ತುವಾಗ ಇನ್ನೊಮ್ಮೆ ಕೂಗಿ ಹೇಳಿದಳು.

ಸೋಮವಾರ ಮಧ್ಯಾಹ್ನದವರೆಗೆ ಅವಳು ಫೋನಿನ ಹತ್ತಿರವೇ ಬೇಳೆ ಆರಿಸುತ್ತ ಕೂತಿದ್ದಳು. ಆರಿಸಿದ್ದನ್ನೇ ಮತ್ತೆ ಆರಿಸಿದಳು. ಎರಡೂವರೆಗೆ ಫೋನು ಬಂತು. ಮೊದಲು ಎತ್ತಿದವನು ಜಯಾನಂದ.

"ಹ್ಞಾಂ… ಗುಂಡಣ್ಣ. ಗಂಟಲು ಹೇಗುಂಟು?… ಹ್ಞೂಂ. ಬುಧವಾರ ನನ್ನದು… ಹ್ಞೂಂ. ಇರು, ಕೊಡ್ತೇನೆ." ಒಂದು ವರ್ಷದ ಜಗಳ ಅಷ್ಟರಲ್ಲಿ ಮುಗಿದಿತ್ತು. ಜಯಾನಂದ ಫೋನು ಕೊಟ್ಟು, ಏನೂ ಆಗದವನ ಹಾಗೆ ಒರೆಸಿದ ಮೇಜನ್ನೇ ಒರೆಸತೊಡಗಿದ.

"ಕಾಗದ ತೋರಿಸಿದೆಯಾ?" ಎಂದಳು ಉಮಾವತಿ.

"ತೋರಿಸಿದೆ ಉಮಕ್ಕ. ಡಾಕ್ಟರು ಓದಿದರು. ತೆಗೆದ ಸೂಜಿ ಹಾಗೇ ವಾಪಸು ಇಟ್ಟರು. ಒಳ್ಳೆ ಕೆಲಸ ಮಾಡಿದೆ ಅಂದರು. ಬೇರೆ ಮಾತ್ರೆ ಬರೆದಿದ್ದಾರೆ."

ಅವಳು ಉಸಿರು ಬಿಟ್ಟದ್ದು ಕೌಂಟರಿನವರೆಗೂ ಕೇಳಿಸಿತು. ಆಮೇಲೆ ಸೆರಗು ಸರಿ ಮಾಡಿಕೊಂಡು ಕೂತಳು.

"ಆ ಚೀಟಿ ಕೈಯಲ್ಲಿ ಉಂಟಾ? ಓದು."

"ಎಲ್ಲ ಸರಿ ಉಂಟು ಉಮಕ್ಕ."

"ನಿನ್ನ ಸರಿ ನನಗೆ ಗೊತ್ತುಂಟು. ಓದು."

"ಹೆಸರು, ಗುಂಡಣ್ಣ. ವಯಸ್ಸು, ನಲವತ್ತೊಂದು. ಪೆನ್ಸಿಲಿನ್ ಆಗದು ಅಂತ ಮೇಲೇ ಬರೆದು ಎರಡು ಗೆರೆ ಹಾಕಿದ್ದಾರೆ."

"ತೂಕ?"

"ಐವತ್ತಮೂರು."

ಉಮಾವತಿ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. ಹತ್ತು ವರ್ಷ ತನ್ನ ಅಡಿಗೆಮನೆಯಲ್ಲಿ ಉಂಡು ನಲವತ್ತೆಂಟರ ಮೇಲೆ ಒಂದು ಗ್ರಾಮು ಏರದ ಮನುಷ್ಯ.

"ಅದೊಂದು ತಪ್ಪು ಬರೆದಿರಬೇಕು," ಎಂದಳು. "ಇನ್ನೊಮ್ಮೆ ತೂಗಲಿಕ್ಕೆ ಹೇಳು."